ಜೀನ್ ಟೆಸ್ಟ್ ಮಾಡಿಸ್ಬೇಕು ಅಂತಿದ್ದೀರಾ? ಯಾವ ಟೆಸ್ಟ್ ಯಾರಿಗೆ, ಯಾವುದು ಸದ್ಯಕ್ಕೆ ಬೇಡ

ಮನೇಲಿ ಯಾರಿಗಾದ್ರೂ ಐವತ್ತರೊಳಗೆ ಹಾರ್ಟ್ ಅಟ್ಯಾಕ್ ಆದ್ರೆ, ಇಲ್ಲಾ ಅಕ್ಕನಿಗೋ ಚಿಕ್ಕಮ್ಮನಿಗೋ ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾದ್ರೆ, ಸ್ವಲ್ಪ ದಿನದಲ್ಲೇ ಫ್ಯಾಮಿಲಿ ಗ್ರೂಪಲ್ಲಿ ಒಂದು ಮಾತು ಶುರುವಾಗತ್ತೆ, ಇದು ನಮಗೂ ಬರತ್ತಾ, ಜೀನ್ ಟೆಸ್ಟ್ ಅಂತ ಇದೆಯಂತಲ್ಲ ಮಾಡಿಸೋಣ್ವಾ ಅಂತ. ಹುಡುಕೋಕೆ ಹೋದ್ರೆ ಎಂಜಲು ಕಳಿಸಿದ್ರೆ ಸಾಕು ನೂರಾರು ಕಾಯಿಲೆ ರಿಸ್ಕ್ ಹೇಳ್ತೀವಿ ಅನ್ನೋ ಕಿಟ್ಟೂ ಸಿಗತ್ತೆ, ಆಸ್ಪತ್ರೇಲಿ ಡಾಕ್ಟರ್ ಬರೆದುಕೊಡೋ ಟೆಸ್ಟೂ ಸಿಗತ್ತೆ, ಎಲ್ಲದಕ್ಕೂ ಜೀನ್ ಟೆಸ್ಟ್ ಅಂತಾನೇ ಹೆಸರು. ಆದ್ರೆ ಒಂದು ಉತ್ತರ ಕೊಡೋ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡಲ್ಲ. ಅದಕ್ಕೇ ನಾನು ಯಾರು ಕೇಳಿದ್ರೂ ಮೊದಲು ಹೇಳೋದು ಇಷ್ಟೇ: ಟೆಸ್ಟ್ ಆಮೇಲೆ ಆರಿಸಿ, ಮೊದಲು ನಿಮಗೆ ಏನು ಗೊತ್ತಾಗ್ಬೇಕು ಅನ್ನೋದನ್ನ ಸರಿಯಾಗಿ ಕೇಳ್ಕೊಳ್ಳಿ.

ಸ್ವಲ್ಪ ಹಿನ್ನೆಲೆ ಹೇಳ್ಬಿಡ್ತೀನಿ. ನಮ್ಮ ಡಿಎನ್‌ಎಲಿ ಸುಮಾರು 300 ಕೋಟಿ ಅಕ್ಷರ ಇದಾವೆ, ಯಾವ ಇಬ್ಬರನ್ನ ತಗೊಂಡ್ರೂ ಶೇಕಡ 99.9 ಹತ್ತತ್ರ ಒಂದೇ ಥರ ಇರತ್ತೆ. ಆದ್ರೂ 26 ಜನಸಮುದಾಯಗಳ 2504 ಜನರ ಜೀನೋಮ್ (ಅಂದ್ರೆ ಪೂರ್ತಿ ಡಿಎನ್‌ಎ) ಓದಿ 2015ರಲ್ಲಿ ಮುಗಿದ 1000 ಜೀನೋಮ್ಸ್ ಪ್ರಾಜೆಕ್ಟ್ ಹೇಳಿದ್ದು ಏನಂದ್ರೆ, ಹೋಲಿಕೆಗೆ ಅಂತ ಇಟ್ಕೊಂಡಿರೋ ರೆಫರೆನ್ಸ್ ಜೀನೋಮ್ ಪಕ್ಕ ಇಟ್ಟು ನೋಡಿದ್ರೆ ಒಬ್ಬೊಬ್ಬರಲ್ಲೂ 40ರಿಂದ 50 ಲಕ್ಷ ಜಾಗದಲ್ಲಿ ವ್ಯತ್ಯಾಸ ಇರತ್ತೆ ಅಂತ. ಅದರಲ್ಲಿ ಬಹುಪಾಲು ಏನೂ ಮಾಡಲ್ಲ. ಕೆಲವು ಒಂದೇ ಜೀನಲ್ಲಿ ಇದ್ರೂ ಸಾಕು ಕಾಯಿಲೆ ತರೋಕೆ, ರಕ್ತದ ಕಾಯಿಲೆಗಳಾದ ಥಲಸ್ಸೀಮಿಯಾ, ಸಿಕಲ್ ಸೆಲ್, ಮಿದುಳಿಗೆ ಬರೋ ಹಂಟಿಂಗ್ಟನ್ ಇವೆಲ್ಲ ಆ ಜಾತಿಯವು, ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನೋ ಎರಡು ಜೀನ್ ಕೆಟ್ಟು ಬರೋ ಬ್ರೆಸ್ಟ್, ಅಂಡಾಶಯದ ಕ್ಯಾನ್ಸರ್ ಕೂಡ ಹೆಚ್ಚುಕಮ್ಮಿ ಅದೇ ಗುಂಪು. ಇನ್ನು ಶುಗರ್, ಬಿಪಿ, ಮಾಮೂಲಿ ಹಾರ್ಟ್ ಅಟ್ಯಾಕ್ ಇವುಗಳಲ್ಲಿ ನೂರಾರು, ಸಾವಿರಾರು ವ್ಯತ್ಯಾಸಗಳು ಒಂದೊಂದೂ ಚೂರು ಚೂರು ಸೇರಿಸ್ತವೆ, ಅದರ ಮೇಲೆ ಊಟ, ಓಡಾಟ, ನಿದ್ದೆ, ಸಿಗರೇಟು ಎಲ್ಲಾ ಸೇರತ್ತೆ. ಈ ಎರಡು ಗುಂಪು ಬೇರೆ ಬೇರೆ ಅನ್ನೋದು ಮನಸ್ಸಲ್ಲಿ ಕೂತ್ರೆ ಅರ್ಧ ಗೊಂದಲ ಹೋಯ್ತು.

ದುಡ್ಡಿಲ್ಲದೆ ಆಗೋ ಟೆಸ್ಟ್ ಮೊದಲು

ಒಂದು ಹಾಳೆ ತಗೊಂಡು ವಂಶವೃಕ್ಷ ಬರೀರಿ. ಮೂರು ತಲೆಮಾರು ಸಾಕು, ಅಪ್ಪನ ಕಡೆ ಅಮ್ಮನ ಕಡೆ ಎರಡೂ. ಯಾರಿಗೆ ಏನು ಕಾಯಿಲೆ, ಎಷ್ಟನೇ ವಯಸ್ಸಲ್ಲಿ ಶುರುವಾಯ್ತು (ಸತ್ತ ವಯಸ್ಸಲ್ಲ, ಶುರುವಾದ ವಯಸ್ಸು), ಯಾರು ಸಂಬಂಧದಲ್ಲೇ ಮದುವೆ ಆದ್ರು, ಹುಟ್ಟಿ ಸ್ವಲ್ಪ ದಿನಕ್ಕೇ ತೀರಿಹೋದ ಮಕ್ಕಳಿದ್ರಾ. ಈ ಕೊನೇ ಪ್ರಶ್ನೆ ಅಜ್ಜೀರನ್ನೇ ಕೇಳ್ಬೇಕು, ಬೇರೆ ಯಾರಿಗೂ ನೆನಪಿರಲ್ಲ, ಮೆಲ್ಲಗೆ ಕೇಳಿ.

ಇದೇನು ಮಹಾ ಅನ್ಕೋಬೇಡಿ. ಸಾಗರ ತಾಲ್ಲೂಕಿನ ಹಂದಿಗೋಡಲ್ಲಿ 1970ರ ದಶಕದ ನಡುವಲ್ಲಿ ಜನ ಸೊಂಟ, ಕೀಲು ನೋವಿಂದ ನಡೆಯೋಕಾಗದೆ ಕೂತ್ಬಿಟ್ಟಾಗ ಗದ್ದೆ ಏಡಿ, ಕೀಟನಾಶಕ ಅಂತೆಲ್ಲ ಅನುಮಾನ ಪಟ್ಟಿದ್ರು, ಕುಟುಂಬಗಳ ಪಟ್ಟಿ ಹಿಡಿದು ನೋಡ್ತಾ ಹೋದಾಗ್ಲೇ ಇದು ತಲೆಮಾರಿಂದ ತಲೆಮಾರಿಗೆ ಇಳಿಯೋ ಕಾಯಿಲೆ ಅನ್ನೋದು ಕಾಣಿಸಿದ್ದು. ಜೀನ್ ಕಾಯಿಲೆ, ಟೆಸ್ಟ್ ಬಗ್ಗೆ ಸಲಹೆ ಕೊಡೋ ಒಳ್ಳೇ ಜೆನೆಟಿಕ್ ಕೌನ್ಸೆಲರ್ ಹತ್ರ ಹೋದ್ರೂ ಅವರು ಪೆನ್ನು ಹಿಡಿದು ಮೊದಲು ಬರೆಯೋದು ಇದನ್ನೇ. ಆ ಹಾಳೇಲಿ ಒಂದೇ ಕಾಯಿಲೆ ಒಂದೇ ಕಡೆಯವರಲ್ಲಿ ಚಿಕ್ಕ ವಯಸ್ಸಲ್ಲಿ ಮತ್ತೆ ಮತ್ತೆ ಬಂದಿದ್ರೆ ಮುಂದಿನ ಟೆಸ್ಟ್‌ಗಳ ಬಗ್ಗೆ ಯೋಚನೆ ಮಾಡೋದು ನ್ಯಾಯ. ತಾತನಿಗೆ ಎಪ್ಪತ್ತೈದಕ್ಕೆ ಶುಗರ್, ಅಜ್ಜಿಗೆ ಎಂಬತ್ತಕ್ಕೆ ಬಿಪಿ, ಇಷ್ಟೇ ಇದ್ರೆ ಜೀನ್ ಟೆಸ್ಟಿಂದ ಹೊಸದಾಗಿ ಏನೂ ಸಿಗೋದು ಕಷ್ಟ.

ಎಂಜಲು ಕಿಟ್ಟಾ, ಆಸ್ಪತ್ರೆ ಟೆಸ್ಟಾ

ಎಂಜಲು ಕಿಟ್‌ಗಳಲ್ಲಿ ಹೆಚ್ಚಿನವು ಜೀನನ್ನ ಪೂರ್ತಿ ಓದಲ್ಲ. ಒಂದು ಚಿಪ್ ಇರತ್ತೆ, ಮೊದಲೇ ಗುರುತು ಮಾಡಿಟ್ಟ ಕೆಲವು ಲಕ್ಷ ಜಾಗಗಳಲ್ಲಿ ಮಾತ್ರ ಯಾವ ಅಕ್ಷರ ಇದೆ ಅಂತ ನೋಡತ್ತೆ. ಜನರಲ್ಲಿ ಸಾಮಾನ್ಯವಾಗಿರೋ ವ್ಯತ್ಯಾಸಗಳಿಗೆ ಇದು ಚೆನ್ನಾಗೇ ಕೆಲಸ ಮಾಡತ್ತೆ. ತೊಂದರೆ ಇರೋದು ಅಪರೂಪದವುಗಳಲ್ಲಿ, ಮತ್ತೆ ಗಂಭೀರ ಕಾಯಿಲೆ ತರೋವು ಹೆಚ್ಚಾಗಿ ಅಪರೂಪದವೇ. ಜನರ ಜೀನ್, ಆರೋಗ್ಯದ ಮಾಹಿತಿ ಕೂಡಿಟ್ಟಿರೋ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಡೇಟಾ ಇಟ್ಕೊಂಡು 2021ರಲ್ಲಿ ಬಂದ ಒಂದು ಸ್ಟಡೀಲಿ ಚಿಪ್ಪು ಹಾನಿಕಾರಕ ಬಿಆರ್‌ಸಿಎ ಬದಲಾವಣೆ ಇದೆ ಅಂತ ತೋರಿಸಿದ್ದನ್ನ ಸೀಕ್ವೆನ್ಸಿಂಗಲ್ಲಿ (ಅಕ್ಷರ ಅಕ್ಷರ ಓದೋ ವಿಧಾನದಲ್ಲಿ) ತಾಳೆ ನೋಡಿದ್ರೆ ನಿಜ ಆಗಿದ್ದು ಶೇಕಡ 5ಕ್ಕಿಂತ ಕಮ್ಮಿ. ಅಂದ್ರೆ ಚಿಪ್ಪು ಇದೆ ಅಂದ ನೂರು ಜನರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಅದು ಇರಲೇ ಇಲ್ಲ. ಇಂಥ ರಿಪೋರ್ಟ್ ಹಿಡ್ಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ಉಲ್ಟಾ ಕೂಡ ಆಗತ್ತೆ, ಮತ್ತೆ ಅದು ಇನ್ನೂ ಅಪಾಯ. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಂಜಲು ಕಿಟ್ ಮಾರೋ 23ಆಂಡ್‌ಮಿ ಕಂಪನಿಗೆ ನೇರವಾಗಿ ಜನರಿಗೆ ಬಿಆರ್‌ಸಿಎ ರಿಪೋರ್ಟ್ ಕೊಡೋಕೆ ಒಪ್ಪಿಗೆ ಕೊಟ್ಟಾಗ ಅದು ನೋಡ್ತಿದ್ದಿದ್ದು ಬರೀ ಮೂರು ಬದಲಾವಣೆ, ಅವೂ ಮುಖ್ಯವಾಗಿ ಅಶ್ಕೆನಾಜಿ ಅನ್ನೋ ಯುರೋಪ್ ಮೂಲದ ಯಹೂದಿಗಳಲ್ಲಿ ಕಾಣಿಸೋವು. ಈ ಎರಡು ಜೀನ್‌ಗಳಲ್ಲಿ ಗೊತ್ತಿರೋ ಹಾನಿಕಾರಕ ಬದಲಾವಣೆಗಳು ಸಾವಿರಕ್ಕೂ ಮೇಲಿದಾವೆ. ಹುಬ್ಬಳ್ಳಿಯವರೋ ಮಂಗಳೂರಿನವರೋ ಯಾರೋ ಕನ್ನಡತಿ ಅಮೆರಿಕದಲ್ಲಿ ಕೂತು ಅದನ್ನ ಮಾಡಿಸಿ ನೆಗೆಟಿವ್ ಬಂತು ಅಂತ ನೆಮ್ಮದಿಯಾಗಿ ಇದ್ಬಿಟ್ರೆ ಆ ನೆಮ್ಮದಿಗೆ ಆಧಾರಾನೇ ಇಲ್ಲ. ಆಮೇಲೆ ಪಟ್ಟಿ ದೊಡ್ಡದಾಗಿದೆ, ಆದ್ರೂ ಪೂರ್ತಿ ಓದೋದಕ್ಕೂ ಪಟ್ಟಿ ನೋಡೋದಕ್ಕೂ ವ್ಯತ್ಯಾಸ ಹಾಗೇ ಇದೆ.

ಆಸ್ಪತ್ರೆ ಮೂಲಕ ಮಾಡ್ಸೋ ಪ್ಯಾನೆಲ್ ಟೆಸ್ಟಲ್ಲಿ ಬೇಕಾದ ಜೀನ್‌ಗಳನ್ನ ಈ ತುದಿಯಿಂದ ಆ ತುದಿವರೆಗೆ ಓದ್ತಾರೆ, ದೊಡ್ಡ ತುಂಡು ಕಾಣೆಯಾಗಿದ್ಯಾ ಅಂತಾನೂ ನೋಡ್ತಾರೆ. ಖರ್ಚು ಹತ್ತಾರು ಸಾವಿರ ಬರತ್ತೆ, ಕಿಟ್ಟಿಗಿಂತ ಜಾಸ್ತಿನೇ. ಆದ್ರೆ ಫ್ಯಾಮಿಲೀಲಿ ಕ್ಯಾನ್ಸರ್ ಕಥೆ ಇದ್ರೆ ಇದು ಬಿಟ್ಟು ಬೇರೆ ಯಾವುದೂ ಲೆಕ್ಕಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ಬ್ರೆಸ್ಟ್ ಕ್ಯಾನ್ಸರ್ ವಿಷಯದಲ್ಲಿ ಯಾರು ಮೊದಲು ಮಾಡಿಸ್ಬೇಕು

ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದ್ರೆ ಹೆಚ್ಚು ಜನ ಎಡವೋದು ಇಲ್ಲೇ. ಅಕ್ಕನಿಗೆ 38ಕ್ಕೆ ಕ್ಯಾನ್ಸರ್ ಬಂತು ಅನ್ಕೊಳ್ಳಿ. ಹೆದರಿದ ತಂಗಿ ಹೋಗಿ ಟೆಸ್ಟ್ ಮಾಡಿಸ್ತಾಳೆ, ನೆಗೆಟಿವ್ ಬರತ್ತೆ. ಇದರ ಅರ್ಥ ಏನು? ಗೊತ್ತಿಲ್ಲ! ಅಕ್ಕನಿಗೆ ಬಂದಿದ್ದು ಜೀನಿಂದಾನೇ ಆಗಿದ್ದು ತಂಗಿಗೆ ಅದು ಬರಲಿಲ್ವಾ, ಇಲ್ಲಾ ಈ ಟೆಸ್ಟಲ್ಲಿ ಇಲ್ಲದ ಯಾವುದೋ ಜೀನಾ, ಇಲ್ಲಾ ಜೀನೇ ಅಲ್ವಾ, ಮೂರರಲ್ಲಿ ಯಾವುದು ಬೇಕಾದ್ರೂ ಇರ್ಬೋದು. ಅದೇ ಮೊದಲು ಅಕ್ಕನಿಗೆ ಪ್ಯಾನೆಲ್ ಮಾಡಿಸಿ ಅವಳಲ್ಲಿ ಇಂಥದ್ದೇ ಬದಲಾವಣೆ ಅಂತ ಸಿಕ್ಕರೆ, ತಂಗಿ, ಅಣ್ಣ, ಚಿಕ್ಕಮ್ಮ, ಕಸಿನ್ಸ್ ಎಲ್ಲಾರೂ ಆ ಒಂದೇ ಒಂದು ಜಾಗ ಟೆಸ್ಟ್ ಮಾಡಿಸಿದ್ರೆ ಸಾಕು, ಕೆಲವು ಸಾವಿರದಲ್ಲಿ ಮುಗಿಯತ್ತೆ, ನೆಗೆಟಿವ್ ಬಂದ್ರೆ ಅದು ನಿಜವಾದ ನೆಗೆಟಿವ್. ಕಾಯಿಲೆ ಬಂದವರಿಗೆ ಮೊದಲು, ಆಮೇಲೆ ಉಳಿದವರಿಗೆ, ಈ ಕ್ರಮ ತಪ್ಪಿದ್ರೆ ದುಡ್ಡೂ ಹೋಗತ್ತೆ, ಉತ್ತರಾನೂ ಸಿಗಲ್ಲ. ಅಕ್ಕನಿಗೂ ಇದರಿಂದ ಉಪಯೋಗ ಇದೆ, ಬಿಆರ್‌ಸಿಎ ಪಾಸಿಟಿವ್ ಇದ್ರೆ ಓಲಾಪರಿಬ್ ಥರದ ಔಷಧಿಗಳ ದಾರಿ ತೆರೆಯಬಹುದು.

ಈ ಬದಲಾವಣೆ ಗಂಡಸರಿಂದ ಬರಲ್ಲ ಅನ್ನೋದು ಸುಳ್ಳು. ಅಪ್ಪನಿಂದ ಮಗಳಿಗೆ ಅಮ್ಮನಿಂದ ಬಂದಷ್ಟೇ ಸಲೀಸಾಗಿ ಬರತ್ತೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಅಪ್ಪನಿಗೆ ಅಕ್ಕತಂಗಿ ಇಲ್ಲದಿದ್ರೆ ಮನೇಲಿ ಯಾರಿಗೂ ಕ್ಯಾನ್ಸರ್ ಇಲ್ಲ ಅಂತ ಕಾಣಿಸ್ಬೋದು, ಅದೂ ಹಾಳೆ ಬರೆಯುವಾಗ ನೋಡ್ಕೊಳ್ಳಿ. ಬಿಆರ್‌ಸಿಎ ಪಾಸಿಟಿವ್ ಬಂದ ಹೆಂಗಸರಿಗೆ ಜೀವಮಾನದಲ್ಲಿ ಬ್ರೆಸ್ಟ್ ಕ್ಯಾನ್ಸರ್ ಬರೋ ಸಾಧ್ಯತೆ ಶೇಕಡ 60-70ರ ಆಸುಪಾಸು, ಬಿಆರ್‌ಸಿಎ1 ಆದ್ರೆ ಅಂಡಾಶಯದ್ದು ಸುಮಾರು 40ರಷ್ಟು, ಬಿಆರ್‌ಸಿಎ2 ಆದ್ರೆ ಅದಕ್ಕಿಂತ ಕಮ್ಮಿ. ಕೇಳೋಕೆ ಭಯ ಆಗತ್ತೆ ನಿಜ, ಆದ್ರೆ ಇಲ್ಲಿ ಗೊತ್ತಾದ್ರೆ ಮಾಡೋಕೆ ಕೆಲಸ ಇದೆ: ಇಪ್ಪತ್ತೈದರ ಸುಮಾರಿಂದ ವರ್ಷಕ್ಕೊಂದು ಎಂಆರ್‌ಐ, ಮೂವತ್ತರಿಂದ ಮ್ಯಾಮೊಗ್ರಾಮ್, ಮಕ್ಕಳು ಸಾಕು ಅಂದ್ಮೇಲೆ ಬಿಆರ್‌ಸಿಎ1 ಇದ್ದವರಿಗೆ 35-40ರೊಳಗೆ ಅಂಡಾಶಯ, ಟ್ಯೂಬ್ ತೆಗೆಸೋದು. ಟೆಸ್ಟಿಂದ ಮುಂದಿನ ಹೆಜ್ಜೆ ಬದಲಾಗತ್ತಾ ಅನ್ನೋದೇ ನನ್ನ ಅಳತೆ, ಇದು ಆ ಅಳತೇಲಿ ಪೂರ್ತಿ ಪಾಸ್.

ಶುಗರ್, ಹಾರ್ಟ್‌ಗೆ ಸ್ಕೋರ್ ಕೊಡೋ ಟೆಸ್ಟ್

ಈಗ ಎಲ್ಲಾ ಕಡೆ ಕೇಳಿಸ್ತಿರೋದು ಪಾಲಿಜೆನಿಕ್ ರಿಸ್ಕ್ ಸ್ಕೋರ್. ಸಾವಿರಾರು, ಲಕ್ಷಾಂತರ ಸಣ್ಣ ವ್ಯತ್ಯಾಸಗಳನ್ನ ಕೂಡಿಸಿ ಒಂದು ನಂಬರ್ ಕೊಡ್ತಾರೆ. ವಿಜ್ಞಾನ ಸುಳ್ಳಲ್ಲ. 2018ರಲ್ಲಿ ಬಂದ ಒಂದು ದೊಡ್ಡ ಸ್ಟಡೀಲಿ ಯುರೋಪ್ ಮೂಲದವರಲ್ಲಿ ಶೇಕಡ 8ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ರಿಸ್ಕ್ ಉಳಿದವರಿಗಿಂತ ಮೂರು ಪಟ್ಟು ಅಂತ ತೋರಿಸಿದ್ರು. ಪ್ರಶ್ನೆ ಇರೋದು ಆ ಯುರೋಪ್ ಮೂಲದವರು ಅನ್ನೋ ಮಾತಲ್ಲಿ. 2019ರ ಲೆಕ್ಕದಲ್ಲಿ ಇಂಥ ಸಂಶೋಧನೆಗೆ ಸ್ಯಾಂಪಲ್ ಕೊಟ್ಟವರಲ್ಲಿ ಶೇಕಡ 79ರಷ್ಟು ಜನ ಯುರೋಪಿಯನ್ ಮೂಲದವರೇ, ಅವರಲ್ಲಿ ಕಟ್ಟಿದ ಸ್ಕೋರನ್ನ ದಕ್ಷಿಣ ಏಷ್ಯಾದವರಿಗೆ ಹಾಕಿದ್ರೆ ನಿಖರತೆ ಇಳಿಯತ್ತೆ, ಆಫ್ರಿಕನ್ನರಿಗಂತೂ ತುಂಬಾನೇ ಕುಸಿಯತ್ತೆ. ನಮ್ಮವರ ಡೇಟಾ ಮೇಲೆ ತಿದ್ದಿದ ಸ್ಕೋರ್‌ಗಳು ಬರ್ತಿವೆ, ಕೊಳ್ಳೋ ಮುಂಚೆ ಇದನ್ನ ಯಾವ ಜನರ ಮೇಲೆ ಪರೀಕ್ಷೆ ಮಾಡಿದ್ದೀರಿ ಅಂತ ನೇರವಾಗಿ ಕೇಳಿ.

ಮತ್ತೆ ನಂಬರ್ ಓದೋ ರೀತಿ. ರಿಸ್ಕ್ 1.3 ಪಟ್ಟು ಅಂತ ಕೆಂಪು ಬಣ್ಣದಲ್ಲಿ ಬರೆದಿರ್ತಾರೆ. ನೂರರಲ್ಲಿ 10 ಜನಕ್ಕೆ ಬರೋ ಕಾಯಿಲೆ ಆದ್ರೆ ನಿಮ್ಮಂಥವರಲ್ಲಿ 13 ಜನಕ್ಕೆ ಬರತ್ತೆ, 87 ಜನಕ್ಕೆ ಬರಲ್ಲ, ಅಷ್ಟೇ ಅದರ ಅರ್ಥ. ಪಟ್ಟು ಅಂತ ಕೊಟ್ರೆ ನೂರಕ್ಕೆ ಎಷ್ಟು ಅಂತ ಬದಲಾಯಿಸಿ ಕೊಡಿ ಅನ್ನಿ.

ಇದರ ಎದುರಿಗೆ ಇನ್ನೊಂದು ಆಯ್ಕೆ ಇಡ್ತೀನಿ, ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ಪ್ರಕಟಿಸಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ನಾಲ್ಕೇ ಪ್ರಶ್ನೆ: ವಯಸ್ಸು, ಸೊಂಟದ ಸುತ್ತಳತೆ, ಮೈಗೆ ಕೆಲಸ ಇದ್ಯಾ, ಅಪ್ಪ ಅಮ್ಮನಿಗೆ ಶುಗರ್ ಇದ್ಯಾ. ಒಬ್ಬ 42 ವರ್ಷದ ಐಟಿಯವನನ್ನ ತಗೊಳ್ಳಿ. ವಯಸ್ಸಿಗೆ 20, ಸೊಂಟ 94 ಸೆಂಟಿಮೀಟರ್ ಅದಕ್ಕೆ 10, ದಿನವಿಡೀ ಕೂತಿರೋದು ವ್ಯಾಯಾಮ ಇಲ್ಲ ಅದಕ್ಕೆ 30, ಅಮ್ಮನಿಗೆ ಶುಗರ್ ಇದೆ ಅದಕ್ಕೆ 10, ಒಟ್ಟು 70. 60 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಹೈ ರಿಸ್ಕ್, ನಾಳೆನೇ ಬ್ಲಡ್ ಶುಗರ್ ಚೆಕ್ ಮಾಡಿಸ್ಬೇಕು. ಈಗ ಅವನೇ ದಿನಾ ವ್ಯಾಯಾಮ ಶುರು ಮಾಡಿ ಸೊಂಟ 90ರ ಕೆಳಗೆ ತಂದ ಅನ್ಕೊಳ್ಳಿ, 70 ಇದ್ದದ್ದು 50ಕ್ಕೆ ಇಳಿಯತ್ತೆ. ನಾಲ್ಕರಲ್ಲಿ ಎರಡು ಅವನ ಕೈಯಲ್ಲೇ ಇದೆ. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಶುಗರ್ ಇದೆ ಅಂತ ಐಸಿಎಂಆರ್ ಸರ್ವೆ 2023ರಲ್ಲಿ ಹೇಳ್ತು, ಅಷ್ಟು ಜನರ ದೇಶಕ್ಕೆ ಸೊಂಟ ಅಳೆಯೋ ಟೇಪು ಮತ್ತೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಟೆಸ್ಟೇ ಮೊದಲ ಆಯ್ಕೆ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಶುಗರ್‌ಗೋಸ್ಕರ ಜೀನ್ ಸ್ಕೋರ್ ಸದ್ಯಕ್ಕೆ ಬೇಡ.

ಹಾರ್ಟ್ ವಿಷಯದಲ್ಲಿ ಒಂದು ಬದಿಗೆ ಇಟ್ಟು ನೋಡ್ಬೇಕಾದ್ದು ಇದೆ. ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ 190 ದಾಟಿದ್ರೆ, ಮನೇಲಿ ಚಿಕ್ಕ ವಯಸ್ಸಿನ ಅಟ್ಯಾಕ್ ಇದ್ರೆ, ಅದು ಒಂದೇ ಜೀನಿನ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರೊಲೀಮಿಯಾ (ವಂಶದಲ್ಲೇ ಬರೋ ಹೆಚ್ಚಿನ ಕೊಲೆಸ್ಟ್ರಾಲ್) ಇರ್ಬೋದು, ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರತ್ತೆ. ಇಲ್ಲಿ ಜೀನ್ ಟೆಸ್ಟ್ ಮಾಡಿಸೋದಕ್ಕೆ ಅರ್ಥ ಇದೆ, ಮಕ್ಕಳಿಗೂ ಲಿಪಿಡ್ ಪ್ರೊಫೈಲ್ ಮಾಡಿಸೋದಂತೂ ಇನ್ನೂ ಮುಖ್ಯ.

ನಮ್ಮವರಲ್ಲೇ ಇರೋ ವ್ಯತ್ಯಾಸಗಳು

ಹೊರದೇಶದ ಪಟ್ಟಿ ಯಾಕೆ ಸಾಲಲ್ಲ ಅನ್ನೋಕೆ ಒಂದು ಉದಾಹರಣೆ. ಎಂವೈಬಿಪಿಸಿ3 ಅನ್ನೋ ಹೃದಯದ ಜೀನಲ್ಲಿ 25 ಅಕ್ಷರ ಕಾಣೆಯಾಗಿರೋ ಒಂದು ಬದಲಾವಣೆ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದೆ, ಹೃದಯದ ಸ್ನಾಯು ದುರ್ಬಲ ಆಗೋ ರಿಸ್ಕ್ ಜಾಸ್ತಿ ಮಾಡತ್ತೆ ಅಂತ 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರೂ ಸೇರಿದ್ದ ತಂಡ ತೋರಿಸ್ತು. ಯುರೋಪಿನವರಲ್ಲಿ ಇದು ಹುಡುಕಿದ್ರೂ ಸಿಗೋದು ಕಷ್ಟ. ಹಾಗಂತ ಇದ್ದವರಿಗೆಲ್ಲ ಕಾಯಿಲೆ ಬರಲ್ಲ, ಬಹಳಷ್ಟು ಜನ ಆರಾಮಾಗೇ ಇರ್ತಾರೆ, ರಿಪೋರ್ಟಲ್ಲಿ ಇದು ಬಂದ್ರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಡಾಕ್ಟರ್ ಹತ್ರ ಮಾತಾಡಿ, ಗಾಬರಿ ಬೇಡ.

ಇನ್ನೊಂದು ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ತುಂಬ ಹೆಚ್ಚಾಗಿ ಕಾಣಿಸೋ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಅನ್ನೋ ಎಂಜೈಮಿನ ಕೊರತೆ. ದಿನನಿತ್ಯ ಏನೂ ತೊಂದರೆ ಇಲ್ಲ, ಆದ್ರೆ ಆಪರೇಷನ್ನಲ್ಲಿ ಸಕ್ಸಿನೈಲ್‌ಕೋಲಿನ್ ಅನ್ನೋ ಔಷಧಿ ಕೊಟ್ರೆ ಕೆಲವೇ ನಿಮಿಷಕ್ಕೆ ಇಳಿಯಬೇಕಾದ ಸ್ನಾಯು ಸಡಿಲಿಕೆ ಗಂಟೆಗಟ್ಟಲೆ ಇರತ್ತೆ. ಮನೇಲಿ ಯಾರಿಗಾದ್ರೂ ಅನಸ್ತೀಸಿಯಾದಿಂದ ಏಳೋದು ತುಂಬ ತಡ ಆಗಿದ್ರೆ ಆಪರೇಷನ್ ಮುಂಚೆ ಅನಸ್ತೀಸಿಯಾ ಡಾಕ್ಟರಿಗೆ ಹೇಳಿ, ಒಂದು ರಕ್ತ ಪರೀಕ್ಷೆ ಸಾಕು, ಜೀನ್ ತನಕ ಹೋಗ್ಬೇಕಾಗಿಲ್ಲ.

ನೂರಾರು ವರ್ಷ ಒಳಗೊಳಗೇ ಮದುವೆ ಆಗ್ತಾ ಬಂದ ಗುಂಪುಗಳು ನಮ್ಮ ದೇಶದಲ್ಲಿ ಎಷ್ಟೋ, ಒಂದೊಂದರಲ್ಲೂ ಒಂದೊಂದು ಥರ ವ್ಯತ್ಯಾಸ ಕೂಡಿಟ್ಟಿರತ್ತೆ. ಅದಕ್ಕೇ ಜೀನೋಮ್ ಇಂಡಿಯಾ ಪ್ರಾಜೆಕ್ಟ್ ಬಗ್ಗೆ ನನಗೆ ತುಂಬ ಆಸೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ 10 ಸಾವಿರ ಭಾರತೀಯರ ಜೀನೋಮ್ ಓದಿದ್ರು, ಡೇಟಾ 2025ರ ಜನವರೀಲಿ ಸಂಶೋಧಕರಿಗೆ ತೆರೆದ್ರು. ಈ ಕೆಲಸ ನಿಮ್ಮ ರಿಪೋರ್ಟಿಗೂ ಸಂಬಂಧಪಟ್ಟಿದ್ದೇ. ರಿಪೋರ್ಟಲ್ಲಿ ವಿಯುಎಸ್ ಅಂತ ಒಂದು ಸಾಲು ಬರತ್ತೆ, ಒಳ್ಳೇದೋ ಕೆಟ್ಟದ್ದೋ ಈಗ ಹೇಳೋಕಾಗಲ್ಲ ಅನ್ನೋ ಬದಲಾವಣೆ. ನಮ್ಮ ಜನರ ಡೇಟಾ ಕಮ್ಮಿ ಇದ್ದಷ್ಟೂ ಈ ಸಾಲು ಜಾಸ್ತಿ, ಯಾಕಂದ್ರೆ ನಮ್ಮಲ್ಲಿ ಮಾಮೂಲಿ ಇರೋದು ಅವರ ಲೆಕ್ಕದಲ್ಲಿ ಅಪರೂಪವಾಗಿ ಕಾಣತ್ತೆ. ವಿಯುಎಸ್ ನೋಡ್ಕೊಂಡು ಯಾರೂ ಆಪರೇಷನ್ ಮಾಡಿಸ್ಕೋಬಾರದು, ಮನೆಯವರಿಗೆಲ್ಲ ಅದೇ ಟೆಸ್ಟ್ ಮಾಡ್ಸೋಕೂ ಹೋಗ್ಬಾರದು. ಎರಡು ಮೂರು ವರ್ಷಕ್ಕೊಮ್ಮೆ ಲ್ಯಾಬಿಗೆ ಬರೆದು ಇದರ ಅರ್ಥ ಬದಲಾಗಿದ್ಯಾ ಅಂತ ಕೇಳಿ.

ಮದುವೆ, ಮಗು ಅಂತ ಯೋಚನೆ ಮಾಡ್ತಿರೋರಿಗೆ

ನನ್ನ ಕೇಳಿದ್ರೆ ಕರ್ನಾಟಕದಲ್ಲಿ ಅತಿ ಹೆಚ್ಚು ಉಪಯೋಗ ಆಗೋ ಟೆಸ್ಟ್ ಇಲ್ಲಿದೆ, ಅದರ ಹೆಸರಲ್ಲಿ ಜೀನ್ ಅನ್ನೋದೇ ಇಲ್ಲ. ಎಚ್‌ಪಿಎಲ್‌ಸಿ ಅಂತ ಒಂದು ರಕ್ತ ಪರೀಕ್ಷೆ, ಎಚ್‌ಬಿಎ2 ಅನ್ನೋ ಬಗೆಯ ಹಿಮೋಗ್ಲೋಬಿನ್ ಶೇಕಡ 3.5ಕ್ಕಿಂತ ಜಾಸ್ತಿ ಇದ್ರೆ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್ (ಜೀನಿನ ಎರಡು ಪ್ರತೀಲಿ ಒಂದು ಮಾತ್ರ ಕೆಟ್ಟಿರೋರು) ಇರ್ಬೋದು, ಸಿಕಲ್ ಸೆಲ್ಲೂ ಅದರಲ್ಲೇ ಗೊತ್ತಾಗತ್ತೆ. ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಥಲಸ್ಸೀಮಿಯಾ ಕ್ಯಾರಿಯರ್. ಅವರಿಗೆ ಏನೂ ಆಗಿರಲ್ಲ, ಸಿಬಿಸಿ ರಕ್ತ ಪರೀಕ್ಷೇಲಿ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಕಮ್ಮಿ ಅಂತ ಬರತ್ತೆ, ಐರನ್ ಮಾತ್ರೆ ನುಂಗ್ತಾ ಇರ್ತಾರೆ, ಏರಲ್ಲ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆದ್ರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಚಾನ್ಸ್, ಮಗುವಿಗೆ ಜೀವನಪೂರ್ತಿ ರಕ್ತ ಏರಿಸ್ಬೇಕಾಗತ್ತೆ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ, 2023ರ ಜುಲೈಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್ನಲ್ಲಿ ಪರೀಕ್ಷೆ ಉಚಿತವಾಗೇ ಮಾಡ್ತಾರೆ.

ಸಂಬಂಧದಲ್ಲಿ ಮದುವೆ ಆದವರು, ಅಂದ್ರೆ ಸೋದರಮಾವನ್ನ ಆದವರು, ಅತ್ತೆ ಮಗ ಮಾವನ ಮಗಳು ಅಂತ ಆದವರು, ಕ್ಯಾರಿಯರ್ ಪ್ಯಾನೆಲ್ಲೋ ಎಕ್ಸೋಮೋ (ಎಲ್ಲಾ ಜೀನ್‌ಗಳ ಪ್ರೋಟೀನ್ ಭಾಗ ಓದೋ ಟೆಸ್ಟ್) ಮಾಡಿಸೋದನ್ನ ಗಂಭೀರವಾಗಿ ಯೋಚಿಸಿ. ಸೋದರಮಾವ-ಸೋದರಸೊಸೆ ಮದುವೇಲಿ ಮಗುವಿಗೆ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬಂದಿರೋ ಸಾಧ್ಯತೆ 8ರಲ್ಲಿ 1, ಕಸಿನ್ ಮದುವೇಲಿ 16ರಲ್ಲಿ 1. ಇದು ಯಾರನ್ನೂ ಬೈಯೋಕೆ ಹೇಳ್ತಿಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಇದೆ, ಬಹುಪಾಲು ಮಕ್ಕಳು ಆರೋಗ್ಯವಾಗೇ ಹುಟ್ತಾರೆ, ಮುಂಚೆ ಗೊತ್ತಿದ್ರೆ ದಾರಿಗಳಿದಾವೆ ಅಷ್ಟೇ.

ಈಗಾಗ್ಲೇ ಮಗುವಿಗೆ ಏನೋ ತೊಂದರೆ ಇದ್ದು ಹೆಸರು ಸಿಗದೆ ಇದ್ರೆ ಎಕ್ಸೋಮ್. ಸುಮಾರು 20 ಸಾವಿರ ಜೀನ್‌ಗಳ ಪ್ರೋಟೀನ್ ಭಾಗ ಓದ್ತಾರೆ, ಅಪ್ಪ ಅಮ್ಮನ ಸ್ಯಾಂಪಲ್ಲೂ ಜೊತೆಗೆ ಕೊಟ್ರೆ ಉತ್ತರ ಸಿಗೋ ಸಾಧ್ಯತೆ ಹೆಚ್ಚು. ಆದ್ರೆ ಸ್ನಾಯು ಸೋಲಿಸೋ ಎಸ್‌ಎಂಎ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಕಾಯಿಲೆಗಳ ಅನುಮಾನ ಇದ್ರೆ ಮೊದಲು ಎಂಎಲ್‌ಪಿಎ ಅನ್ನೋ ಚಿಕ್ಕ ಟೆಸ್ಟ್, ಹಂಟಿಂಗ್ಟನ್‌ಗೆ ಸಿಎಜಿ ಅನ್ನೋ ಮೂರು ಡಿಎನ್‌ಎ ಅಕ್ಷರ ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸೋ ಬೇರೆ ಟೆಸ್ಟ್, ಎಕ್ಸೋಮಲ್ಲಿ ಇವು ತಪ್ಪಿಸ್ಕೊಳ್ಳೋ ಸಾಧ್ಯತೆ ಜಾಸ್ತಿ.

ತಿಳ್ಕೊಳ್ಳದೇ ಇರೋ ಹಕ್ಕೂ ಇದೆ

ಎಪಿಒಇ4 ಅನ್ನೋ ಜೀನ್ ರೂಪ ಆಲ್‌ಝೈಮರ್ ಅನ್ನೋ ಮರೆವಿನ ಕಾಯಿಲೆ ರಿಸ್ಕ್ ಜಾಸ್ತಿ ಮಾಡತ್ತೆ, ಒಂದು ಪ್ರತಿ ಇದ್ರೆ ಸುಮಾರು ಮೂರು ಪಟ್ಟು, ಎರಡಿದ್ರೆ ಇನ್ನೂ ಎಷ್ಟೋ ಹೆಚ್ಚು, ಆದ್ರೆ ಇದ್ದವರಿಗೆಲ್ಲ ಬರಲ್ಲ, ಇಲ್ಲದವರಿಗೂ ಬರತ್ತೆ. ಡಿಎನ್‌ಎ ರಚನೆ ಕಂಡುಹಿಡಿದ ಜೇಮ್ಸ್ ವಾಟ್ಸನ್ ತನ್ನ ಪೂರ್ತಿ ಜೀನೋಮ್ ಓದಿಸಿದಾಗ ಇದೊಂದನ್ನ ಮಾತ್ರ ನನಗೆ ಹೇಳ್ಬೇಡಿ ಅಂದಿದ್ರು. ನೀವೂ ಹಾಗೆ ಹೇಳ್ಬೋದು, ಒಪ್ಪಿಗೆ ಪತ್ರದಲ್ಲೇ ಬರೆಸಿ. ವಯಸ್ಸಾದ್ಮೇಲೆ ಬರೋ ಕಾಯಿಲೆಗೆ ಮಕ್ಕಳನ್ನ ಟೆಸ್ಟ್ ಮಾಡ್ಬೇಡಿ, ದೊಡ್ಡವರಾದ್ಮೇಲೆ ಅವರೇ ತೀರ್ಮಾನ ಮಾಡ್ಲಿ.

ಡೇಟಾ ವಿಷಯ ಹಗುರ ಅಲ್ಲ. 23ಆಂಡ್‌ಮಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಕೆ ಆಗಿದ್ದನ್ನ ಒಪ್ಕೊಳ್ತು, 2025ರ ಮಾರ್ಚಲ್ಲಿ ದಿವಾಳಿ ಅರ್ಜಿ ಹಾಕ್ತು. ಪಾಸ್‌ವರ್ಡ್ ಬದಲಾಯಿಸ್ಬೋದು, ಡಿಎನ್‌ಎ ಬದಲಾಯಿಸೋಕಾಗಲ್ಲ, ಮತ್ತೆ ಅದು ನಿಮ್ಮೊಬ್ಬರದ್ದಲ್ಲ, ಅಣ್ಣತಮ್ಮ ಮಕ್ಕಳದ್ದೂ ಹೌದು. ಅಮೆರಿಕದಲ್ಲಿ 2008ರಿಂದ ಜಿನಾ ಕಾಯ್ದೆ ಇದೆ, ಆರೋಗ್ಯ ವಿಮೆ, ಕೆಲಸದಲ್ಲಿ ಜೀನ್ ನೋಡಿ ತಾರತಮ್ಯ ಮಾಡಂಗಿಲ್ಲ, ಲೈಫ್ ಇನ್ಶೂರೆನ್ಸಿಗೆ ಅದು ಅನ್ವಯ ಆಗಲ್ಲ ಅನ್ನೋದು ಅಲ್ಲಿರೋ ನಮ್ಮವರಿಗೆ ಗೊತ್ತಿರ್ಲಿ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಟೆಸ್ಟ್ ಮುಂಚೆ ಪಾಲಿಸಿ ಕಾಗದ ಓದಿ.

ಎಲ್ಲಿ ಹೋಗೋದು ಅಂದ್ರೆ, ಬೆಂಗಳೂರಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ನರಕ್ಕೆ ಸಂಬಂಧಪಟ್ಟಿದ್ರೆ ನಿಮ್ಹಾನ್ಸ್, ಕರಾವಳಿ ಮಲೆನಾಡಿನವರಿಗೆ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ. ಆ ವಂಶವೃಕ್ಷದ ಹಾಳೆ, ಕಾಯಿಲೆ ಬಂದವರ ಹಳೇ ರಿಪೋರ್ಟ್, ಬಯಾಪ್ಸಿ ಕಾಗದ ಎಲ್ಲಾ ತಗೊಂಡೇ ಹೋಗಿ. ದುಡ್ಡು ಕಟ್ಟೋ ಮುಂಚೆ ಕೇಳಿ: ಜೀನ್ ಪೂರ್ತಿ ಓದ್ತೀರಾ ಚಿಪ್ಪಾ, ಪಾಸಿಟಿವ್ ಬಂದ್ರೆ ಇನ್ನೊಂದು ವಿಧಾನದಲ್ಲಿ ಖಚಿತ ಮಾಡ್ತೀರಾ, ರಿಪೋರ್ಟ್ ಬಂದ್ಮೇಲೆ ಕೂತು ಕನ್ನಡದಲ್ಲಿ ವಿವರಿಸೋರು ಯಾರಿದಾರೆ, ನನ್ನ ಸ್ಯಾಂಪಲ್ ಆಮೇಲೆ ಏನು ಮಾಡ್ತೀರಾ. ಇವಕ್ಕೆ ಸರಿಯಾದ ಉತ್ತರ ಬರದಿದ್ರೆ ಅಲ್ಲಿ ಮಾಡಿಸ್ಬೇಡಿ, ಬೇರೆ ಕಡೆ ಹೋಗಿ.